ಎಡಿಟಿಂಗಿಗೆ ಅಪ್ಪಾ, ಎಡಿಟಿಂಗಿಗೆ

ಕಾಫಿ ಸೀಮೆಯಲ್ಲಿ ಆಟಕ್ಕೆಂದು ಯಾರೂ ಏನನ್ನೂ ಕೊಂಡ ದಾಖಲೆ ಇಲ್ಲ. ನಾಲ್ಕೂ ಚಕ್ರಕ್ಕೆ ಎಳೆತವಿರುವ ಜೀಪು ಬರುವುದು ತೋಟದ ಕೆಲಸಕ್ಕೆ. ಅದು ವಾರಕ್ಕೊಮ್ಮೆ ರಾಣಿಝರಿ, ಎತ್ತಿನಭುಜದ ಕಡೆ ಹೋಗಿ ಕೆಸರು ಮೆತ್ತಿಕೊಂಡು ಬರುವುದು ಟಯರ್ ಪರೀಕ್ಷೆಗೆ. ಕೋವಿ ಇರುವುದು ಹಂದಿ ಕಾಯಲಿಕ್ಕೆ. ಡ್ರೋನ್ ತಂದದ್ದು ಬೇಲಿ ನೋಡಲಿಕ್ಕೆ. ಆ ಬೇಲಿ ಪಕ್ಕದ ಹೋಂಸ್ಟೇಯ ಈಜುಕೊಳದ ಮೇಲೇ ಹಾದುಹೋಗಿದ್ದರೆ ಅದು ಸರ್ವೆಯವರ ತಪ್ಪು. ಕ್ಲಬ್ಬಿನಲ್ಲಿ ರಾತ್ರಿ ಹನ್ನೊಂದರವರೆಗೆ ನಡೆಯುವುದು ಬೆಳೆಗಾರರ ಮೀಟಿಂಗು. ಹದಿಮೂರು ಎಲೆ ಹಂಚಿಕೊಂಡು ಕೂತರೆ ಮಾತು ಸಲೀಸು, ಅಷ್ಟೇ. ಇಂಥ ಮನೆಯಲ್ಲಿ ಹುಟ್ಟಿ ಬೆಳೆದ ಹುಡುಗ "ನನಗೆ ಗೇಮ್ ಆಡ್ಲಿಕ್ಕೆ ಕಂಪ್ಯೂಟರ್ ಬೇಕು" ಎಂದು ಬಾಯಿಬಿಟ್ಟು ಹೇಳಿದರೆ ಮನೆತನದ ಮರ್ಯಾದೆ ಏನಾಗಬೇಕು? ಹೇಳುವುದಿಲ್ಲ. ಅವನು ಹೇಳುವುದು ಒಂದೇ ಮಾತು: "ಎಡಿಟಿಂಗಿಗೆ."

ಮೂಡಿಗೆರೆಯಿಂದ ಕಳಸದವರೆಗೆ ಈಗ ಮನೆಗೊಬ್ಬ ಎಡಿಟರ್ ಇದ್ದಾನೆ. ಹೋಂಸ್ಟೇಗೆ ರೀಲು ಬೇಕು, ಮದುವೆಗೆ ಟೀಸರ್ ಬೇಕು, ಮುಳ್ಳಯ್ಯನಗಿರಿಯ ಮಂಜಿಗೆ ಡ್ರೋನ್ ಶಾಟ್ ಬೇಕು, ಹಿಂದೆ ಕೊಳಲು ಬೇಕು. ಇದನ್ನೆಲ್ಲ ಮಾಡಲು ಯಂತ್ರ ಬೇಕು. ಯಂತ್ರವೆಂದರೆ ಎಂಥದ್ದು ಎಂದು ಕೇಳಿದಿರೋ, ಸೈಬರ್‌ಪಂಕ್ 2077 ಎಂಬ ಆಟವನ್ನು 4ಕೆಯಲ್ಲಿ ಎಳೆಯುವಂಥದ್ದು. ಮೂವತ್ತು ಸೆಕೆಂಡಿನ ಹೋಂಸ್ಟೇ ರೀಲಿಗೂ ಸೈಬರ್‌ಪಂಕಿಗೂ ಏನು ಸಂಬಂಧ ಎಂದು ಕೇಳುವವರಿಗೆ ಕ್ರಿಯೇಟಿವಿಟಿ ಗೊತ್ತಿಲ್ಲ.

2025ರ ಜನವರಿ ಕೊನೆಯಲ್ಲಿ ಎನ್‌ವಿಡಿಯಾ ಕಂಪನಿ ಆರ್‌ಟಿಎಕ್ಸ್ 5090 ಎಂಬ ಗ್ರಾಫಿಕ್ಸ್ ಕಾರ್ಡನ್ನು ಮಾರುಕಟ್ಟೆಗೆ ಬಿಟ್ಟಿತು. ಭಾರತದಲ್ಲಿ ಇಟ್ಟ ಬೆಲೆ 2,14,000 ರೂಪಾಯಿ. ಅದು ಬರೀ ಕಾರ್ಡಿಗೆ; ಅದನ್ನು ಚುಚ್ಚಲು ಕಂಪ್ಯೂಟರ್ ಬೇರೆ ಬೇಕು. ಸರಿಯಾಗಿ ಅದೇ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಅರೇಬಿಕಾ ಹಿಂದೆಂದೂ ಕಾಣದ ಬೆಲೆ ಮುಟ್ಟಿ, ನಮ್ಮಲ್ಲಿ ಐವತ್ತು ಕೆ.ಜಿ. ಪಾರ್ಚ್‌ಮೆಂಟ್ ಚೀಲ 25 ಸಾವಿರ ದಾಟಿತ್ತು. ಬ್ರೆಜಿಲಿನಲ್ಲಿ ಬರ ಬಿದ್ದದ್ದಕ್ಕೂ ಕ್ಯಾಲಿಫೋರ್ನಿಯಾದಲ್ಲಿ ಕಾರ್ಡು ಹುಟ್ಟಿದ್ದಕ್ಕೂ ಸಂಬಂಧವಿಲ್ಲ. ಆದರೆ ನಮ್ಮ ಹುಡುಗರು ಅದನ್ನು ದೈವಸಂಕಲ್ಪವೆಂದೇ ತಿಳಿದರು. ಎಂಟೊಂಬತ್ತು ಚೀಲಕ್ಕೆ ಒಂದು ಕಾರ್ಡು, ಲೆಕ್ಕ ಎಷ್ಟು ಸಲೀಸು! ಆಮೇಲೆ ಆ ವರ್ಷದ ನಡುವಿಗೆ ರೊಬಸ್ಟಾ ಬೆಲೆ ದಡದಡನೆ ಇಳಿಯಿತು. ಆಸೆ ಮಾತ್ರ ಇಳಿಯಲಿಲ್ಲ. ಅದಕ್ಕೆ ಬೆಲೆ ಕಟ್ಟುವ ಲಂಡನ್ ಟರ್ಮಿನಲ್ ಇಲ್ಲವಲ್ಲ.

ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಹಾಳೆಯನ್ನು ಒಮ್ಮೆ ಎಳೆದು ತೆಗೆದವನು ನಮ್ಮ ಕಡೆ ಜೀವನಪೂರ್ತಿ ಕಂಪ್ಯೂಟರ್ ಪಂಡಿತ. ಆ ಅರ್ಹತೆಯ ಮೇಲೆ ನನ್ನನ್ನು ಇಂಥ ಪಂಚಾಯ್ತಿಗಳಿಗೆ ಕರೆಯುತ್ತಾರೆ. ಕಳೆದ ಕೊಯ್ಲಿನಲ್ಲಿ ಮೂಡಿಗೆರೆ ಕಡೆಯ ಮನೆಯೊಂದರ ಜಗಲಿಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಕಣದಲ್ಲಿ ಚೆರಿ ಒಣಗುತ್ತಿತ್ತು. ಅಪ್ಪ ಈಜಿಚೇರಿನಲ್ಲಿ. ಮಗ ಕೈಯಲ್ಲಿ ಕೊಟೇಶನ್ ಹಿಡಿದು ನಿಂತಿದ್ದ. ಬೆಂಗಳೂರಿನ ಎಸ್.ಪಿ. ರೋಡಿನಿಂದ ತರಿಸಿದ್ದು, ಎರಡು ಪುಟ.

"ಎಂತಕ್ಕೋ ಇಷ್ಟು ದುಡ್ಡು?"

"ಎಡಿಟಿಂಗಿಗೆ ಅಪ್ಪ."

"ಮೊಬೈಲಲ್ಲೇ ಮಾಡ್ತಿದ್ಯಲ್ಲ?"

"ಅದು ಪ್ರೊಫೆಷನಲ್ ಅಲ್ಲ ಅಪ್ಪ. ಇದಕ್ಕೆ ಸರ್ಕಾರದ ಪಾಲಿಸಿನೇ ಉಂಟು."

ಹುಡುಗ ಸುಳ್ಳು ಹೇಳಲಿಲ್ಲ. ಅನಿಮೇಷನ್, ವಿಷುವಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್ ಎಲ್ಲ ಸೇರಿಸಿ ನೀತಿ ಮಾಡಿದ ಮೊದಲ ರಾಜ್ಯ ಕರ್ನಾಟಕ. 2012ರಲ್ಲೇ ಆಯಿತು, ಈಗ ನಡೆಯುತ್ತಿರುವುದು 2024–29ರ ನೀತಿ. ಗೇಮ್ ತಯಾರಿಸುವವರಿಗೆ ಬರೆದ ಕಡತವನ್ನು ಗೇಮ್ ಆಡುವವನು ಪ್ರಿಂಟ್ ತೆಗೆದು ಅಪ್ಪನಿಗೆ ತೋರಿಸಬಹುದು ಎಂದು ಅದನ್ನು ಬರೆದವರಿಗೆ ಹೊಳೆದಿರಲಾರದು. ಅಪ್ಪ ಅದನ್ನು ಪಕ್ಕಕ್ಕಿಟ್ಟು ಕೊಟೇಶನ್ ಕೈಗೆತ್ತಿಕೊಂಡರು. ಮೇಲಿನಿಂದ ಕೆಳಗೆ ನೋಡಿದರು. ಆಮೇಲೆ ಕೇಳಿದ ಪ್ರಶ್ನೆಯನ್ನು ಯೂಟ್ಯೂಬಿನ ಯಾವ ಪಂಡಿತನೂ ಕೇಳಿದ್ದನ್ನು ನಾನು ಕಂಡಿಲ್ಲ.

"ಎಷ್ಟು ಎಚ್.ಪಿ. ಮಾರಾಯ ಇದು?"

ಮಗ ನಕ್ಕ. ನಗುವಂಥದ್ದೇನೂ ಇರಲಿಲ್ಲ. 5090 ಕಾರ್ಡೊಂದೇ ಪೂರ್ತಿ ದುಡಿಯುವಾಗ 575 ವಾಟ್ ನುಂಗುತ್ತದೆ. ಪ್ರೊಸೆಸರ್, ಫ್ಯಾನು, ಉಳಿದದ್ದು ಸೇರಿದರೆ ಏಳೆಂಟು ನೂರಕ್ಕೆ ಹತ್ತಿರ. ಒಂದು ಎಚ್.ಪಿ. ಎಂದರೆ 746 ವಾಟ್. ಅಂದರೆ ಹುಡುಗ ಮಲಗುವ ಕೋಣೆಯಲ್ಲಿ ಒಂದು ಎಚ್.ಪಿ. ಮೋಟರು ಇಟ್ಟು ರಾತ್ರಿಯಿಡೀ ಓಡಿಸಲು ಹೊರಟಿದ್ದಾನೆ. ನೀರು ಮಾತ್ರ ಬರುವುದಿಲ್ಲ.

ಕಂಪ್ಯೂಟರ್ ಆರಿಸುವುದು ಹೇಗೆ ಎಂದು ಹೇಳಿಕೊಡುವವರೆಲ್ಲ ಪ್ರೊಸೆಸರಿನಿಂದ ಶುರುಮಾಡುತ್ತಾರೆ. ಅವರೆಲ್ಲ ಬಯಲುಸೀಮೆಯ ಪೇಟೆಯವರು, ಗೋಡೆಯ ತೂತಿನಿಂದ ಸದಾ 230 ವೋಲ್ಟ್ ಬರುತ್ತದೆಂದು ನಂಬಿದವರು. ಇಲ್ಲಿ ಗೋಡೆಯಿಂದ ಏನು ಬರುತ್ತದೆ ಎನ್ನುವುದು ಕಾಲಕ್ಕೆ ತಕ್ಕಂತೆ. ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ ಕೈಕೊಟ್ಟರೆ ಹೊಳೆಗುಂಟ ಇರುವ ತೋಟಗಳಲ್ಲೆಲ್ಲ ಸ್ಪ್ರಿಂಕ್ಲರ್ ಶುರು, ಮನೆಯ ಬಲ್ಬು ಕಾಮಾಲೆ ಬಂದವರ ಕಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಏಪ್ರಿಲ್, ಮೇನಲ್ಲಿ ಗುಡುಗು ಕೇಳಿದ ಕೂಡಲೇ ಮನೆಮಂದಿಯೆಲ್ಲ ಓಡಿ ಪ್ಲಗ್ ಕೀಳುವುದು. ಕೀಳಲು ಮರೆತ ಮನೆಯಲ್ಲಿ ಮೋಡೆಮ್ ಸತ್ತಿತೆಂದೇ ಲೆಕ್ಕ. ಜೂನ್ ಹಿಡಿದು ಆಗಸ್ಟಿನವರೆಗೆ ಲೈನಿನ ಮೇಲೆ ಮರ ಬೀಳುವ ಕಾಲ, ಕರೆಂಟು ಅತಿಥಿ. ಹೀಗಿರುವಾಗ ಪವರ್ ಸಪ್ಲೈ ಡಬ್ಬಿಯ ಮೇಲೆ 100–240 ವೋಲ್ಟ್ ಎಂದಿದೆಯೋ, ಬರೀ 200–240 ಎಂದಿದೆಯೋ ಎನ್ನುವುದು ಪ್ರೊಸೆಸರಿನ ಹೆಸರಿಗಿಂತ ದೊಡ್ಡ ವಿಷಯ. ಮೊದಲನೆಯದು ನಮ್ಮ ಮಾರ್ಚ್ ತಿಂಗಳನ್ನು ಹೇಗೋ ತಡೆದುಕೊಳ್ಳುತ್ತದೆ. ಎರಡನೆಯದು ಸಂಜೆ ಏಳಕ್ಕೆ ರಾಜೀನಾಮೆ ಕೊಡುತ್ತದೆ. ಆದರೆ ಎರಡು ಪುಟದ ಆ ಕೊಟೇಶನ್ನಿನಲ್ಲಿ ಪವರ್ ಸಪ್ಲೈಗೆ ಸಿಕ್ಕಿದ್ದು ಕೊನೆಯ ಸಾಲು, ಅದಕ್ಕಿಂತ ಮೇಲೆ ಬಣ್ಣ ಬದಲಾಯಿಸುವ ಏಳು ಫ್ಯಾನುಗಳಿದ್ದವು.

ಯುಪಿಎಸ್ ವಿಷಯ ಇನ್ನೂ ಸ್ವಾರಸ್ಯದ್ದು. ಪೇಟೆಯಲ್ಲಿ ಕೇಳಿದ ಕೂಡಲೇ ಕೈಗೆ ಕೊಡುವ 600 ವಿಎ ಯುಪಿಎಸ್ ಎಳೆಯಬಲ್ಲದ್ದು 360 ವಾಟ್. ಹುಡುಗ ರೀಲಿಗೆ ಕತ್ತರಿ ಹಾಕುತ್ತಿರುವಾಗ ಕರೆಂಟು ಹೋದರೆ ಅದು ಪಾಪ, ಬೀಪ್ ಬೀಪ್ ಎನ್ನುತ್ತ ನಾಲ್ಕು ನಿಮಿಷ ಹಿಡಿದಿಡುತ್ತದೆ. ಆಟ ಆಡುತ್ತಿರುವಾಗ ಹೋದರೆ ಒಮ್ಮೆ ಕೀಂಯ್ ಎಂದು ತಾನೂ ಹೋಗುತ್ತದೆ. ಹೀಗಾಗಿ ಮಗ ಕೆಲಸ ಮಾಡುತ್ತಿದ್ದಾನೋ ಆಡುತ್ತಿದ್ದಾನೋ ಎಂದು ತಿಳಿಯಲು ಅಪ್ಪಂದಿರು ಕೋಣೆಗೆ ಇಣುಕಬೇಕಾಗಿಲ್ಲ, ಯುಪಿಎಸ್ಸಿನ ದನಿ ಕೇಳಿದರೆ ಸಾಕು. ನಮ್ಮ ಕಡೆ ಇದಕ್ಕಿಂತ ನಿಯತ್ತಿನ ತೋಟದ ರೈಟರು ಸಿಗುವುದಿಲ್ಲ. ಇದು ಗೊತ್ತಾದ ಹುಡುಗರು ಈಗ ದೊಡ್ಡ ಪ್ಯೂರ್ ಸೈನ್‌ವೇವ್ ಇನ್ವರ್ಟರ್ ಕೇಳತೊಡಗಿದ್ದಾರೆ. "ಫ್ರಿಜ್ಜಿಗೂ ಆಗುತ್ತಮ್ಮ" ಎಂದು ಅಮ್ಮನ ಕಡೆಯಿಂದ ಅರ್ಜಿ.

ಅರ್ಥಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಳೇ ಮನೆಯ ಎರಡು ಕಣ್ಣಿನ ಸಾಕೆಟ್ಟಿಗೆ ಮೂರು ಕಾಲಿನ ಪ್ಲಗ್ಗನ್ನು ಒಂದು ಕಾಲು ಮುರಿದು ಸಿಕ್ಕಿಸಿ, ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಎನ್ನುತ್ತದೆ. "ಎಂತ ಪವರ್ ಮಾರಾಯ ಈ ಮೆಷಿನ್ನಿಗೆ!" ಎಂದು ಮೆಚ್ಚಿಕೊಂಡ ಗೆಳೆಯರೂ ಇದ್ದಾರೆ.

"ಹಾಗಾದ್ರೆ ಲ್ಯಾಪ್‌ಟಾಪ್ ತಗೊಳ್ಳಿ, ಬ್ಯಾಟರಿ ಇರುತ್ತಲ್ಲ" ಎಂದು ಪಂಚಾಯ್ತಿಯಲ್ಲಿ ಕೂತಿದ್ದ ಸೋದರಮಾವ ಬಾಯಿ ಹಾಕಿದರು. ಗೇಮಿಂಗ್ ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಿಂತರೆ ತನ್ನ ಶಕ್ತಿಯನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತದೆ. ಸಿನಿಮಾ ನೋಡಬಹುದು, ಯುದ್ಧ ಮಾಡಲಾಗುವುದಿಲ್ಲ. ಅದಕ್ಕಿಂತ ದೊಡ್ಡ ಮೋಸ ಹೆಸರಿನಲ್ಲಿದೆ. ಆರ್‌ಟಿಎಕ್ಸ್ 4060 ಎಂಬ ಒಂದೇ ಹೆಸರಿನ ಲ್ಯಾಪ್‌ಟಾಪ್ ಚಿಪ್ಪಿಗೆ 35 ವಾಟಿನಿಂದ 115 ವಾಟಿನವರೆಗೆ ಎಷ್ಟು ಬೇಕಾದರೂ ಕರೆಂಟು ಕೊಡಲು ಲ್ಯಾಪ್‌ಟಾಪ್ ತಯಾರಿಸುವವರಿಗೆ ಸ್ವಾತಂತ್ರ್ಯವಿದೆ. ಹೊರಗಿನ ಸ್ಟಿಕ್ಕರ್ ಒಂದೇ, ಒಳಗಿನ ಓಟ ಬೇರೆ. ಇದನ್ನು ಆ ಜಗಲಿಯಲ್ಲಿ ವಿವರಿಸಲು ನನಗೆ ಒಂದೇ ದಾರಿ ಇತ್ತು: ಚೆರಿ ಚೀಲದ ಓಟಿ, ಅಂದರೆ ಔಟ್‌ಟರ್ನ್. ಐವತ್ತು ಕೆ.ಜಿ. ಚೀಲಗಳೆರಡು ನೋಡಲು ಒಂದೇ ಥರ ಇರುತ್ತವೆ. ಮಿಲ್ಲಿಗೆ ಹಾಕಿದರೆ ಒಂದರಲ್ಲಿ ಇಪ್ಪತ್ತೆಂಟು ಕೆ.ಜಿ. ಬೀಜ, ಇನ್ನೊಂದರಲ್ಲಿ ಇಪ್ಪತ್ತನಾಲ್ಕು, ಉಳಿದದ್ದು ಸಿಪ್ಪೆ. ಕಾಫಿ ವ್ಯಾಪಾರಿ ಸ್ಯಾಂಪಲ್ ಕುಟ್ಟಿ ನೋಡದೆ ಬೆಲೆ ಹೇಳುವುದಿಲ್ಲ. ಲ್ಯಾಪ್‌ಟಾಪ್ ಅಂಗಡಿಯವನು ಚೀಲದ ಬಾಯಿ ಬಿಚ್ಚಲೂ ಬಿಡುವುದಿಲ್ಲ. ಅಪ್ಪನಿಗೆ ಕ್ಷಣದಲ್ಲಿ ಅರ್ಥವಾಯಿತು. ಆಮೇಲೆ ಅವರು ಪ್ರತಿಯೊಂದಕ್ಕೂ "ಇದರ ಓಟಿ ಎಷ್ಟು?" ಎಂದೇ ಕೇಳತೊಡಗಿದರು. ಹಾಗೆ ಕೇಳಿದ್ದರಿಂದ ಆ ಮನೆಗೆ ಸುಮಾರು ದುಡ್ಡು ಉಳಿಯಿತು.

ಕಾರ್ಡಿನ ಮೆಮೊರಿಯದ್ದೂ ಇದೇ ಕತೆ. 2025ರ ಏಪ್ರಿಲಿನಲ್ಲಿ ಬಂದ 5060 ಟಿಐ ಎಂಬ ಕಾರ್ಡು 8 ಜಿಬಿಯಲ್ಲೂ ಸಿಗುತ್ತದೆ, 16 ಜಿಬಿಯಲ್ಲೂ ಸಿಗುತ್ತದೆ, ಹೆಸರು ಒಂದೇ. ಹೊಸ ಆಟಗಳನ್ನು ಎತ್ತರದ ಸೆಟ್ಟಿಂಗಿನಲ್ಲಿಟ್ಟರೆ 8 ಜಿಬಿ ಉಸಿರುಗಟ್ಟುತ್ತದೆ. ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ ದೊಡ್ಡ ದೃಶ್ಯ ಕಟ್ಟಿದರೆ, 4ಕೆ ವಿಡಿಯೋಗೆ ಬಣ್ಣದ ಪದರದ ಮೇಲೆ ಪದರ ಹಾಕಿದರೆ ಅದಕ್ಕೂ ಮೊದಲೇ. ಆಟ, ಕೆಲಸ ಎರಡೂ ಪ್ರಾಮಾಣಿಕವಾಗಿ ಒಂದೇ ಮಾತು ಹೇಳುವ ಜಾಗ ಇದೊಂದೇ: 16 ಜಿಬಿ ತಗೋ. ಅದು ಬೇಡುವುದು 180 ವಾಟ್, ಅಂದರೆ ಕಾಲು ಎಚ್.ಪಿ. ಪ್ಲಾಂಟರ್ ಮನೆಗೆ ಶೋಭೆಯಲ್ಲ ಎನ್ನುವುದನ್ನು ಬಿಟ್ಟರೆ ಅದರಲ್ಲಿ ದೋಷವಿಲ್ಲ. ಪಕ್ಕದ ತೋಟದವರ ಮಗನ ಹತ್ತಿರ 4090 ಇದೆಯಂತೆ. ಏನು ಮಾಡುತ್ತಾನೆ ಅದರಲ್ಲಿ? ತೋರಿಸುತ್ತಾನೆ.

ಇನ್ನು ರ‍್ಯಾಮ್. 2025ರ ಕೊನೆಗೆ ಇದರ ಬೆಲೆ ಏರಿದ ರೀತಿ ಕಂಡು ಕಾಫಿಯವರಿಗೇ ಹೊಟ್ಟೆಕಿಚ್ಚಾಗಬೇಕು. ಜಗತ್ತಿನ ಕೃತಕ ಬುದ್ಧಿಮತ್ತೆಯ ಕಂಪನಿಗಳು ತಮ್ಮ ಡೇಟಾ ಸೆಂಟರುಗಳಿಗೆಂದು ಮೆಮೊರಿ ಚಿಪ್ಪನ್ನು ರಾಶಿ ರಾಶಿ ಎತ್ತತೊಡಗಿದವು. ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿ, ಕ್ರೂಷಿಯಲ್ ಹೆಸರಿನಲ್ಲಿ ನಮ್ಮಂಥವರಿಗೆ ಮಾರುತ್ತಿದ್ದ ವ್ಯಾಪಾರವನ್ನೇ ಬಿಟ್ಟುಬಿಡುವುದಾಗಿ ಹೇಳಿತು. ಇಷ್ಟು ದಿನ ಬೆಳಗೆದ್ದು ಲಂಡನ್, ನ್ಯೂಯಾರ್ಕ್ ರೇಟು ನೋಡುತ್ತಿದ್ದ ಮನೆಯಲ್ಲಿ ಈಗ ಮಗನೂ ಒಂದು ರೇಟು ನೋಡುತ್ತಾನೆ. "ಈಗ್ಲೇ ತಗೊಳ್ದಿದ್ರೆ ನಾಳೆ ಇನ್ನೂ ಏರುತ್ತೆ ಅಪ್ಪ" ಎಂದು ಮಗ. "ಏರಿದ್ದು ಇಳೀಲೇಬೇಕು, ತಡಿ" ಎಂದು ಅಪ್ಪ. ಅಪ್ಪ ಇದೇ ಮಾತನ್ನು ತಮ್ಮ ಗೋದಾಮಿನಲ್ಲಿ ಏರಲೆಂದು ಕಾದು ಕೂತಿರುವ ರೊಬಸ್ಟಾಕ್ಕೆ ಅನ್ವಯಿಸುವುದಿಲ್ಲ. 16 ಜಿಬಿಯಲ್ಲಿ ಆಟ ನಡೆಯುತ್ತದೆ. ವಿಡಿಯೋ ಎಡಿಟಿಂಗ್ ಜೊತೆಗೆ ಬ್ರೌಸರಿನಲ್ಲಿ ನಲವತ್ತು ಟ್ಯಾಬು ತೆರೆದಿಡುವ ಚಟವಿದ್ದರೆ 32 ಬೇಕು. ಹಾಗಾಗಿ, ವಿಚಿತ್ರ ನೋಡಿ, ಇಡೀ ಕೊಟೇಶನ್ನಿನಲ್ಲಿ ನಿಜಕ್ಕೂ "ಎಡಿಟಿಂಗಿಗೆ" ಬೇಕಾಗಿದ್ದ ವಸ್ತು ರ‍್ಯಾಮ್ ಒಂದೇ, ಮಗ ಕಡಿತ ಮಾಡಲು ಒಪ್ಪಿದ್ದೂ ಅದೊಂದನ್ನೇ.

ಎಡಿಟಿಂಗ್ ಎಂಬ ಆ ಪುಣ್ಯಕಾರ್ಯ ನಿಜಕ್ಕೂ ಏನು ಬೇಡುತ್ತದೆ? ಜುಲೈನಲ್ಲಿ ಭದ್ರೆ ತುಂಬಿ ಹೆಬ್ಬಾಳೆ ಸೇತುವೆ ಮುಳುಗಿತೆಂಬ ವಿಡಿಯೋ ನೀವೆಲ್ಲ ನೋಡಿದ್ದೀರಿ. ಹೊರನಾಡಿಗೆ ಹೊರಟು ಆಚೆ ಉಳಿದವರು, ಈಚೆ ಉಳಿದವರು, ಕೊಡೆ ಹಿಡಿದು ನೋಡಲೆಂದೇ ಬಂದವರು. ಅಂಥದ್ದನ್ನು ಜೀಪಿನಲ್ಲಿ ಕೂತು, ಒದ್ದೆ ಹೆಬ್ಬೆರಳಿನಿಂದ ಮೊಬೈಲಿನಲ್ಲೇ ಕತ್ತರಿಸಿ ಏರಿಸಿಬಿಡಬಹುದು. ಅದಕ್ಕಿಂತ ಮೇಲಿನ ಕೆಲಸ ಬೇಕೆನ್ನುವವರಿಗೆ ಡಾವಿಂಚಿ ರಿಸಾಲ್ವ್ ಬಿಟ್ಟಿ ಸಿಗುತ್ತದೆ, ಬ್ಲೆಂಡರ್ 2002ರಿಂದಲೂ ಬಿಟ್ಟಿ. ಪ್ರವಾಹದಲ್ಲಿ ಸಿಕ್ಕ ಬೆಕ್ಕೊಂದರ ಕತೆ ಹೇಳುವ 'ಫ್ಲೋ' ಎಂಬ ಲಾಟ್ವಿಯಾದ ಚಿತ್ರವನ್ನು ಆ ಬ್ಲೆಂಡರಿನಲ್ಲೇ ಮಾಡಿ 2025ರಲ್ಲಿ ಆಸ್ಕರ್ ತಗೊಂಡು ಹೋದರು. ನಮ್ಮಲ್ಲಿ ಪ್ರವಾಹಕ್ಕೆ ಬರವಿಲ್ಲ, ಬೆಕ್ಕಿಗೂ ಬರವಿಲ್ಲ. ಕಾರ್ಡು ಸಾಲದ್ದೊಂದೇ ಅಡ್ಡಿ.

ಮೂಡಿಗೆರೆಯಲ್ಲಿ ನಿಂತು ಕಂಪ್ಯೂಟರ್ ಬಗ್ಗೆ ಮಾತಾಡುವವರು ತೇಜಸ್ವಿಯವರನ್ನು ದಾಟಿ ಹೋಗುವಂತಿಲ್ಲ. 'ನಿರುತ್ತರ'ದ ತೋಟದಲ್ಲಿ ಕೂತು ಹಕ್ಕಿಗಳ ಫೋಟೋ ಹಿಡಿದವರು, ಕಂಪ್ಯೂಟರಿನಲ್ಲಿ ಚಿತ್ರ ಬರೆದವರು, ಕನ್ನಡಕ್ಕೆ ಒಳ್ಳೆಯ ತಂತ್ರಾಂಶ ಬೇಕೆಂದು ಹೋರಾಡಿದವರು. ಅವರು ತೀರಿಕೊಂಡದ್ದು 2007ರ ಏಪ್ರಿಲಿನಲ್ಲಿ. ಆಗಿನ ಕಾಲದ ಅತಿ ದುಬಾರಿ ಆಟದ ಕಾರ್ಡುಗಳಲ್ಲೊಂದಾದ 8800 ಜಿಟಿಎಕ್ಸ್‌ನಲ್ಲಿ ಇದ್ದ ಮೆಮೊರಿ 768 ಎಂಬಿ, ಇವತ್ತಿನ ಕಡಿಮೆ ಬೆಲೆಯ ಮೊಬೈಲು ಕೂಡ ನಾಚುವಷ್ಟು. ಈ ಮಾತನ್ನು ನಾನು ಹುಡುಗನಿಗೆ ಹೇಳಿದೆ. "ಅವ್ರು ರೆಂಡರ್ ಮಾಡ್ತಿರ್ಲಿಲ್ವಲ್ಲ ಮಾವ" ಎಂದ. ನಾನು ಸುಮ್ಮನಾದೆ.

ಪಂಚಾಯ್ತಿಯಲ್ಲಿ ಕೊನೆಯವರೆಗೂ ಬಾಯಿ ತೆರೆಯದಿದ್ದವರು ಅಮ್ಮ. ಯಂತ್ರವನ್ನು ಸರಿಯಾಗಿ ಅಳೆದವರೂ ಅವರೇ. ಕಳಸದಲ್ಲಿರುವ ತಂಗಿಯ ಮನೆಯಲ್ಲಿ ಅವರು ದೊಡ್ಡ ಕಂಪ್ಯೂಟರೊಂದನ್ನು ನೋಡಿ ಬಂದಿದ್ದರು. ಮಳೆಗಾಲದಲ್ಲಿ ನಮ್ಮಲ್ಲಿ ಬಟ್ಟೆ ಒಣಗುವುದಿಲ್ಲ. ಒಲೆಯ ಮೇಲಿನ ಹಗ್ಗಕ್ಕೆ ಹಾಕಿದರೆ ಹೊಗೆ ವಾಸನೆ, ಹಾಕದಿದ್ದರೆ ಬೂಷ್ಟಿನ ವಾಸನೆ. ಆ ತಂಗಿ ಮಗನ ಕಂಪ್ಯೂಟರಿನ ಹಿಂದೆ ಬಿಸಿಗಾಳಿ ಬರುವ ಕಡೆ ಕುರ್ಚಿ ಎಳೆದು, ಅದರ ಬೆನ್ನಿಗೆ ಶಾಲೆಗೆ ಹೋಗುವ ಸಣ್ಣವಳ ಕಾಲುಚೀಲ, ಪೆಟಿಕೋಟು ನೇತುಹಾಕಿದ್ದಳು. ಪಕ್ಕದ ಸ್ಟೂಲಿನ ಮೇಲೆ ಬೂಷ್ಟು ಹಿಡಿಯಬಾರದೆಂದು ಕ್ಯಾಮೆರಾದ ಎರಡು ಲೆನ್ಸು, ಅದರ ಪಕ್ಕದ ತಟ್ಟೆಯಲ್ಲಿ ಮೆತ್ತಗಾದ ಹಪ್ಪಳ. ಮಗ ಡ್ರ್ಯಾಗನ್ ಕೊಂದಷ್ಟೂ ಕಾಲುಚೀಲ ಬೇಗ ಒಣಗುತ್ತದೆ. 575 ವಾಟ್ ಒಳಗೆ ಹೋದರೆ 575 ವಾಟಿನ ಕಾವು ಹೊರಗೆ ಬರಲೇಬೇಕೆಂಬ ಭೌತಶಾಸ್ತ್ರವನ್ನು ಇಷ್ಟು ಸಾರ್ಥಕವಾಗಿ ಬಳಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. "ಸಣ್ಣದು ತಗೊಂಡ್ರೆ ಬಟ್ಟೆ ಒಣಗುತ್ತನಾ?" ಎಂದು ಅಮ್ಮ ಕೇಳಿದರು. ಇಡೀ ಸಭೆಯಲ್ಲಿ 5090ರ ಪರವಾಗಿ ಬಂದ ನ್ಯಾಯವಾದ ವಾದ ಅದೊಂದೇ.

ಕೊನೆಗೆ ಬಂದದ್ದು ನಡುವಿನ ಯಂತ್ರ. 16 ಜಿಬಿಯ ಆ 5060 ಟಿಐ, 32 ಜಿಬಿ ರ‍್ಯಾಮ್ (ಅಪ್ಪ ಹಟ ಹಿಡಿದು ಹಾಕಿಸಿದ್ದು, "ಓಟಿ ಕಡಿಮೆ ಆಗ್ಬಾರ್ದು"), ಬಣ್ಣ ಸರಿಯಾಗಿ ತೋರಿಸುವ ಐಪಿಎಸ್ ಮಾನಿಟರ್, 100–240 ವೋಲ್ಟಿನ ಪವರ್ ಸಪ್ಲೈ. ಏಳು ಫ್ಯಾನಿನ ಬದಲು ಮೂರು. ಉಳಿದ ದುಡ್ಡಿನಲ್ಲಿ ಅಂಗಳದ ಮೂಲೆಯಲ್ಲಿ ಗುಂಡಿ ತೋಡಿ, ಇದ್ದಿಲು, ಉಪ್ಪು ತುಂಬಿ ಹೊಸ ಅರ್ಥಿಂಗ್. ಮಗ ಒಂದು ವಾರ ಮುಖ ಊದಿಸಿಕೊಂಡಿದ್ದ.

ಮುಖ ಊದಲು ಇನ್ನೊಂದು ಕಾರಣವೂ ಇತ್ತು. ಇಷ್ಟೆಲ್ಲ ತಯಾರಿ ಯಾವ ಆಟಕ್ಕೆಂದು ನಡೆದಿತ್ತೋ ಆ ಜಿಟಿಎ 6 ಮತ್ತೆ ಮುಂದೆ ಹೋಗಿ, 2026ರ ನವೆಂಬರ್ 19 ಎಂದಾಯಿತು. ಅದೂ ಪ್ಲೇಸ್ಟೇಷನ್ನಿಗೆ, ಎಕ್ಸ್‌ಬಾಕ್ಸಿಗೆ. ಕಂಪ್ಯೂಟರಿಗೆ ಯಾವಾಗ ಎಂಬ ಮಾತೇ ಇಲ್ಲ. ಹಿಂದಿನ ಜಿಟಿಎ 2013ರಲ್ಲಿ ಬಂದದ್ದು ಕಂಪ್ಯೂಟರ್ ತಲುಪಿದ್ದು 2015ಕ್ಕೆ. ಅಷ್ಟರೊಳಗೆ ಇನ್ನೊಂದು ತಲೆಮಾರಿನ ಕಾರ್ಡು, ಇನ್ನೊಂದು ಕೊಟೇಶನ್. ಸದ್ಯಕ್ಕೆ ಇರಲಿ ಎಂದು 'ಬ್ಲ್ಯಾಕ್ ಮಿತ್: ವುಕಾಂಗ್' ಇಳಿಸಿಕೊಳ್ಳಲು ಕೂತ. ಅದು ಸುಮಾರು 130 ಜಿಬಿ. ಸಿಲ್ವರ್ ಓಕ್ ಮರದಿಂದ ಮರಕ್ಕೆ ಜೋತುಬಿದ್ದು ಬಂದ ಕೇಬಲಿನಲ್ಲಿ 10 ಎಂಬಿಪಿಎಸ್ ಬಿಡದೆ ಸಿಕ್ಕಿದರೂ ಇಪ್ಪತ್ತೊಂಬತ್ತು ಗಂಟೆ. ಬಿಡದೆ ಸಿಗುವುದಿಲ್ಲ, ಮಂಗ ಇದೆ.

ಆ ಬಿಡುವಿನಲ್ಲಿ ಸಣ್ಣದೊಂದು ಆಟ ಹಾಕಿಕೊಂಡಿದ್ದ, 'ಫಾರ್ಮಿಂಗ್ ಸಿಮ್ಯುಲೇಟರ್ 25'. ಟ್ರ್ಯಾಕ್ಟರ್ ಸದ್ದು ಕೇಳಿ ಅಪ್ಪ ಒಳಗೆ ಬಂದರು.

"ಆಳು?"

"ಈ ಗುಂಡಿ ಒತ್ತಿದ್ರೆ ಬರ್ತಾನಪ್ಪ."

ಅಪ್ಪ ಒತ್ತಿದರು. ಆಳು ಬಂದ. ಮುಂಗಡ ಕೇಳಲಿಲ್ಲ, ಅಸ್ಸಾಮಿಗೆ ಟಿಕೆಟ್ ಕೇಳಲಿಲ್ಲ, ಪಕ್ಕದ ತೋಟದವರು ಐವತ್ತು ರೂಪಾಯಿ ಹೆಚ್ಚು ಕೊಡುತ್ತಾರೆ ಎನ್ನಲಿಲ್ಲ. ಟ್ರ್ಯಾಕ್ಟರ್ ಹತ್ತಿ ನೆಟ್ಟಗೆ ಉಳುತ್ತಾ ಹೋದ. ಅಪ್ಪ ಕುರ್ಚಿ ಎಳೆದುಕೊಂಡರು. ಅವತ್ತು ಕ್ಲಬ್ಬಿನಿಂದ ಫೋನು ಬಂದಾಗ ಅಮ್ಮ "ಅವ್ರು ಕಂಪ್ಯೂಟರಲ್ಲಿ ತೋಟದ ಲೆಕ್ಕ ಬರೀತಿದಾರೆ" ಎಂದರು. ರಾತ್ರಿ ಹತ್ತಾದರೂ ಮಗನಿಗೆ ಜಾಗ ಬಿಟ್ಟುಕೊಡಲಿಲ್ಲ.

"ಎಂತೆಂತ ಬೆಳೀಬಹುದೋ ಇದ್ರಲ್ಲಿ?"

"ಭತ್ತ ಉಂಟು, ಗೋಧಿ ಉಂಟು, ಎಮ್ಮೆನೂ ಸಾಕ್ಬಹುದು. ಕಾಫಿ ಇಲ್ಲ ಅಪ್ಪ."

"ಬದುಕಿದೆ. ಹೊಳೆ ಪಕ್ಕ ಆ ಗದ್ದೆ ಮಾರಾಟಕ್ಕುಂಟಲ್ಲ, ತಗೊಳ್ಳನಾ?"